ಮುನಿರಾಜು ಜೇಬಿನ ಫ್ಯೂಸು

ಕಲಾವತಿಯ ಕೋಪ ಕೂಗಾಡುವಂಥದ್ದಲ್ಲ, ಒಳಗೇ ಕೂತು ಮಸೆಯುವಂಥದ್ದು. ಗದಗದ ಕಡೆಯಿಂದ ಬಂದು ಮಾರೇನಹಳ್ಳಿಯ ಒಂಟಿ ಕೋಣೆಯಲ್ಲಿದ್ದುಕೊಂಡು ಕಾಮಾಕ್ಷಿಪಾಳ್ಯದ ಕಂಪ್ಯೂಟರ್ ಸೆಂಟರಿನಲ್ಲಿ ದುಡಿಯುತ್ತಿದ್ದಳು. ಕೆಳಗೆ ಮುನಿರಾಜುವಿನ ಕಬ್ಬಿಣ ಕಡೆಯುವ ಲೇತ್ ವರ್ಕ್‌ಶಾಪು, ಮೇಲೆ ಅವನದೇ ಸೆಂಟರು. ಆ ಮನುಷ್ಯನಿಗೆ ಲೇತಿಗೂ ಕಂಪ್ಯೂಟರಿಗೂ ಒಂದೇ ಕಾನೂನು: ಸಂಜೆ ಬಾಗಿಲು ಹಾಕುವಾಗ ಮೈನ್ ಬೋರ್ಡಿನ ಫ್ಯೂಸು ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳಬೇಕು. ಹಿಂದೊಮ್ಮೆ, ನಿಂತಿದೆ ಎಂದು ಯಾರೋ ಹೇಳಿದ್ದ ಲೇತು ತಿರುಗಿ ಅವನ ಎರಡು ಬೆರಳು ತಿಂದಿತ್ತು. ಅಂದಿನಿಂದ ಅವನು ಯಾರ ಮಾತನ್ನೂ ನಂಬಿದವನಲ್ಲ. ನಂಬಿದ್ದು ಜೇಬಿನ ಫ್ಯೂಸನ್ನು ಮಾತ್ರ.

ಮೇಲಿದ್ದದ್ದು ಒಂದು ದೊಡ್ಡ ಸರ್ವರ್. ಅದರ ಹೊಟ್ಟೆಯೊಳಗೆ ಎಂಟು ವರ್ಚುಯಲ್ ಮಷಿನ್. ಕಣ್ಣಿಗೆ ಕಾಣದಿದ್ದರೂ ಒಂದೊಂದೂ ಬೇರೆ ಬೇರೆ ಕಂಪ್ಯೂಟರಿನಂತೆಯೇ ಕೆಲಸ ಮಾಡುವಂಥವು. ಜ್ಞಾನಭಾರತಿ ಕ್ಯಾಂಪಸ್ಸಿನ ಹುಡುಗರು ಅವುಗಳಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದರು. ಸಂಜೆ ಒಂದೊಂದನ್ನೇ ನಿಲ್ಲಿಸುತ್ತ ಕೂತರೆ ಬಸ್ಸು ತಪ್ಪುತ್ತದೆಂದು ಕಲಾವತಿ ಪುಟ್ಟದೊಂದು ಸ್ಕ್ರಿಪ್ಟ್ ಬರೆದಿದ್ದಳು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪಿಸಿದರೆ ಸಾಕು, ಅದು ಪ್ರತಿ ಮಷಿನ್ನಿಗೂ ಕೆಲಸ ಮುಗಿಸಿ ನಿಲ್ಲು ಎಂದು ಹೇಳಿ, ಕಾದು, ನಿಂತ ಮೇಲೆ ‘ಮಲಗೈತಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತಿತ್ತು.

೨೦೦೯ರ ಆಯುಧಪೂಜೆಯ ಬೆಳಿಗ್ಗೆ ಬೂದುಗುಂಬಳಕಾಯಿ ಬಂತು, ಪೂಜಾರಿ ಬಂದರು. ಮಷಿನ್ ನಿಲ್ಲದೆ ಕುಂಕುಮ ಇಡುವಂತಿಲ್ಲ. ಕಲಾವತಿ ಸ್ಕ್ರಿಪ್ಟ್ ಓಡಿಸಿದಳು. ಏಳು ಮಲಗಿದವು, ಆರನೆಯದು ಮಲಗಲಿಲ್ಲ. ಅದರಲ್ಲಿ ಫಕೀರೇಶ ಎಂಬ ಹುಡುಗ ಬಾಗಿಲು ತೆರೆದ ಕೂಡಲೇ ಬಂದು ಓಡಿಸಿಟ್ಟು ಹೋಗಿದ್ದ ಪ್ರಾಜೆಕ್ಟ್ ಇನ್ನೂ ಫೈಲುಗಳನ್ನು ಬರೆಯುತ್ತಿತ್ತು. ಹಬ್ಬ ಕಳೆದ ಕೂಡಲೇ ಅವನು ಅದನ್ನು ಪರೀಕ್ಷಕರಿಗೆ ತೋರಿಸಬೇಕಿತ್ತು.

“ಏನಮ್ಮಾ, ನಿಂತ್ವಾ?” ಮುನಿರಾಜು ಬೋರ್ಡಿನ ಹತ್ತಿರ ಬಂದ.

“ಒಂದು ಉಳದೈತ್ರೀ. ಸ್ವಲ್ಪ ತಡೀರಿ.”

“ಪೂಜಾರಪ್ಪ ಕಾಯ್ತಾ ನಿಂತವ್ರೆ. ನಿನ್ನ ಕಾಣದಿರೋ ಮಷಿನ್‌ಗೆ ನಾನು ಜೋಗುಳ ಹಾಡ್ಬೇಕಾ?”

“ಈಗ ಫ್ಯೂಸ್ ಕಿತ್ತರ ಆ ಹುಡುಗನ ಕೆಲಸ ಹಾಳಾಗತೈತ್ರಿ. ಯುಪಿಎಸ್ ಬ್ಯಾಟರಿ ಸತ್ತೈತಿ ಅಂತ ಎಷ್ಟ್ ಸಲ ಹೇಳೀನಿ ನಿಮಗ?”

“ಬಂದ್ಬಿಟ್ಲು ನನಗೇ ಮಷಿನ್ ಪಾಠ ಹೇಳೋಕೆ,” ಎಂದವನೇ ಕಿತ್ತುಬಿಟ್ಟ.

ಪರದೆ ಆರಿತು. ಸರ್ವರಿನ ನೆತ್ತಿಗೆ ಕುಂಕುಮ ಬಿತ್ತು. ಕುಂಬಳಕಾಯಿ ಹೋಳಾಯಿತು. ಕಲಾವತಿ ಪ್ರಸಾದ ಮುಟ್ಟದೆ ಇಳಿದುಹೋದಳು.

ಮರುದಿನ ಏಳು ಎದ್ದವು. ಆರನೆಯದು ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಫಕೀರೇಶ ಕೇಳಲು ಬಂದರೆ ಮುನಿರಾಜು, “ಮೇಡಮ್ಮನ್ನ ಕೇಳು, ಅವಳದೇ ಸ್ಕ್ರಿಪ್ಟು,” ಎಂದು ನುಣುಚಿಕೊಂಡ.

ಈ ಮಾತು ಮೇಲಕ್ಕೆ ಕೇಳಿಸಿತು. ಕಲಾವತಿ ಹಳೆಯ ಕಾಪಿಯಿಂದ ಪ್ರಾಜೆಕ್ಟನ್ನು ಅರ್ಧದಷ್ಟು ಎತ್ತಿ ಕೊಟ್ಟಳು. ಉಳಿದರ್ಧ ಯಾಕೆ ಇಲ್ಲವೆಂದೂ ಹೇಳಿದಳು. ಫಕೀರೇಶ ನೆಟ್ಟಗೆ ವರ್ಕ್‌ಶಾಪಿಗೆ ಇಳಿದು, ಗಿರಾಕಿಗಳ ಎದುರೇ ನಿಂತ.

“ಫ್ಯೂಸ್ ಕಿತ್ತವರು ನೀವಂತಲ್ರೀ ಕಾಕಾ? ಅಕ್ಕನ ಹೆಸರು ಹೇಳಾಕ ನಾಚಿಕಿ ಆಗಲಿಲ್ಲೇನ್ರಿ? ಉಳಿದ ಹುಡುಗರಿಗೂ ಹೇಳ್ತೀನಿ, ಇಲ್ಲಿ ಕಾಲಿಡಬ್ಯಾಡ್ರಿ ಅಂತ.”

ಮುನಿರಾಜು ಬಗ್ಗಿ, ನಿಂತಿದ್ದ ಲೇತನ್ನು ಒರೆಸತೊಡಗಿದ.

ಅಂದು ಸಂಜೆ ಅವನು ಮೇಲೆ ಬಂದು ಫ್ಯೂಸಿನ ಮೇಲೆ ಕೈಯಿಟ್ಟ. ಕೀಳಲಿಲ್ಲ.

“ಮಲಗಿದ್ವಾ?” ಎಂದ, ಗೋಡೆ ನೋಡಿಕೊಂಡು.

ಎಲ್ಲವೂ ಮಲಗಿ ಆಗಲೇ ಹೊತ್ತಾಗಿತ್ತು. ಕಲಾವತಿ ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು.

“ಇನ್ನೂ ಇಲ್ರೀ. ನಿಂದರ್ರಿ,” ಎಂದು ಊಟದ ಡಬ್ಬಿ ತೊಳೆಯಲು ಹೋದಳು.