ಬೀಗರ ಮಗಳಿಗೆ ವೇತನ

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಬೀಗರು ಅಂತಲೇ ಕರೆಯುವುದು. ಹೆಣ್ಣು ಕೊಟ್ಟು ತಂದ ಸಂಬಂಧವೇನಲ್ಲ, ಅವರ ಕಸುಬು ಬೀಗ ರಿಪೇರಿ. ಬ್ಯಾಂಕಿನ ಮೆಟ್ಟಿಲ ಕೆಳಗೆ ಅವರದೊಂದು ಗೂಡಂಗಡಿ. ತಂತಿಗೆ ಪೋಣಿಸಿದ ಕೀಲಿಕೈಗಳ ಗೊಂಚಲು, ಉಜ್ಜುವ ಅರಗಳ ಡಬ್ಬ, ಎಣ್ಣೆ ಬಾಟಲಿ. ಅದಕ್ಕೆ ಒತ್ತಿಕೊಂಡೇ ನಾನು ಕೂತು ಚೀಲಗಳಿಗೆ ಜಿಪ್ಪು, ಅಂಗಿಗಳಿಗೆ ಗುಂಡಿ ಹೊಲಿಯುತ್ತೇನೆ. ಅವರು ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಆದರೂ ಬೀಗರು ಎಂದ ಮೇಲೆ ಬಹುವಚನ ಬಿಡುವ ಹಾಗಿಲ್ಲವಲ್ಲ!

ಹೊಸಬರು ಬಂದು "ಇಲ್ಲಿ ಬೀಗರು ಯಾರು?" ಅಂದರೆ, "ಗಂಡಿನ ಕಡೆಯವರು ಬೇಕೋ, ಕೀಲಿಕೈ ಕಡೆಯವರು ಬೇಕೋ?" ಅನ್ನುತ್ತಾರೆ ಅವರೇ. ವರ್ಷಗಟ್ಟಲೆಯಿಂದ ಅದೇ ಜೋಕು. ನಗುವವರೂ ಸಿಗುತ್ತಲೇ ಇದ್ದಾರೆ.

ಅವರಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಒಳಗಿನಿಂದ ಚಿಲಕ ಹಾಕಿಕೊಂಡು, ಊರ ಬೀಗವನ್ನೆಲ್ಲ ತೆಗೆಯುವ ಅಪ್ಪನನ್ನೇ ಒಂದು ಮಧ್ಯಾಹ್ನ ಬಾಗಿಲ ಹೊರಗೆ ನಿಲ್ಲಿಸಿದ್ದಳು. ಅಂದಿನಿಂದ ಅವಳ ಹೆಸರು ಚಿಲಕ. ದಾರಿಯಲ್ಲಿ ಕಂಡ ಕಲ್ಲನ್ನೆಲ್ಲ ಆರಿಸಿ ತಂದು ನನ್ನ ಗುಂಡಿ ಡಬ್ಬದಲ್ಲಿ ಬಚ್ಚಿಡುವಳು. ಆ ಕಲ್ಲಿನ ಹುಚ್ಚು ಬೆಳೆದು ಬೆಳೆದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುವ ಸೀಟು ತಂದುಕೊಟ್ಟಿತು. ಫೀಸು ಮಾತ್ರ ಗೂಡಂಗಡಿಯ ಅಳತೆಗೆ ಮೀರಿದ್ದು. ಅವಳೇ ಓಡಾಡಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು.

ಒಂದು ದಿನ ಏದುಸಿರು ಬಿಡುತ್ತಾ ಓಡಿಬಂದಳು.

"ಅಪ್ಪಾ, ಆಯ್ಕೆ ಆಗಿದ್ದೀನಿ! ಸೋಮವಾರ ನೀನು ಬಂದು ಒಪ್ಪಿಗೆ ಕೊಟ್ಟು ಸಹಿ ಹಾಕಿದ್ರೆ ವಿದ್ಯಾರ್ಥಿವೇತನ ನಂದೇ. ಬರ್ಲಿಲ್ಲ ಅಂದ್ರೆ ಮುಂದಿನವ್ರಿಗೆ ಹೋಗತ್ತೆ."

ಬೀಗರ ಕೈಯ ಅರ ನಿಂತಿತು. "ಏನು, ವೇತನಾನಾ?"

"ಹೂಂ."

"ವೇತನ ಅಂದ್ರೆ ಸಂಬಳ ತಾನೆ?"

"ಅಯ್ಯೋ, ಆ ಥರ ಸಂಬಳ ಅಲ್ಲಪ್ಪ..."

"ಸಂಬಳ ಅಂದ್ಮೇಲೆ ಕೆಲಸ ಇರತ್ತೆ. ನಾನು ಬರಲ್ಲ. ನಿನ್ನನ್ನ ಓದೋಕೆ ಕಳಿಸ್ತೀನಿ, ಕೆಲಸಕ್ಕೆ ಕಳಿಸಲ್ಲ."

ಅವಳು ಬಗೆಬಗೆಯಾಗಿ ಬಿಡಿಸಿ ಹೇಳಿದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದ ಅವಳಮ್ಮನೂ ಹೇಳಿ ಸೋತಳು. "ಬೀಗ ರಿಪೇರಿ ಮಾಡ್ತಾರಂತೆ! ಇವ್ರ ತಲೆಗೆ ಹೊಂದೋ ಕೀಲಿಕೈ ಯಾರ ಹತ್ರ ಇದೆ ಅಂತ ನಾನೂ ಮದುವೆ ಆದಾಗಿನಿಂದ ಹುಡುಕ್ತಾ ಇದ್ದೀನಿ" ಅಂದಳು. ಬೀಗರು ನಗಲಿಲ್ಲ.

ಮಗಳು ಕಣ್ಣು ಒರೆಸಿಕೊಂಡು ಹೋದ ಮೇಲೆ ಅವರು ಬಾಯಿ ಬಿಡುತ್ತಾರೆಂದು ನನಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸುತ್ತಾ ಕೂತೆ.

"ನಾನು ಏಳನೇ ಕ್ಲಾಸು ಮುಗಿಸಿದ್ದೆ, ದೊಡ್ಡಮ್ಮ. ರಜೆ ಇದೆಯಲ್ಲ, ಸಂಬಳಕ್ಕೆ ಬಾರೋ ಅಂದ್ರು ಬೀಗದಂಗಡಿ ಯಜಮಾನ್ರು. ಹೋದೆ. ರಜೆ ಮುಗೀತು, ಸ್ಕೂಲು ಶುರುವಾಯ್ತು. ಸಂಬಳ ಬಿಡೋಕೆ ಮನೇಲಿ ಯಾರೂ ಒಪ್ಪಲಿಲ್ಲ. ಇವಳಿಗೂ ಹಾಗೇ ಆದ್ರೆ?"

ನಾನು ಸೂಜಿ ಪಕ್ಕಕ್ಕಿಟ್ಟೆ. "ಬೀಗರೇ, ಸಹಿ ಹಾಕಲೇಬೇಡಿ. ಸುಮ್ಮನೆ ಬಂದು ಕೆಲಸ ಏನು ಅಂತ ಅವ್ರನ್ನೇ ಕೇಳಿ. ಕೇಳಿದ್ರೆ ಬಾಯಿ ಸವೆಯತ್ತಾ?" ಅಂದೆ.

"ನೀವೂ ಬಂದ್ರೆ ಬರ್ತೀನಿ."

ಸೋಮವಾರ ಮೂವರೂ ವಿದ್ಯಾರ್ಥಿವೇತನದ ಕಚೇರಿಗೆ ಹೋದೆವು. ಉದ್ದನೆಯ ಮೊಗಸಾಲೆ, ಗೋಡೆಗೆ ಒರಗಿಸಿದ ಬೆಂಚು, ಕಿರುಗುಟ್ಟುವ ಬಾಗಿಲು. ಬೀಗರು ಮೊದಲು ನೋಡಿದ್ದು ಆ ಬಾಗಿಲಿನ ಬೀಗವನ್ನು. "ಎಣ್ಣೆ ಕಂಡು ಯಾವ ಕಾಲವಾಯ್ತೋ" ಎಂದು ಗೊಣಗಿದರು.

ಒಳಗೆ ಗುಮಾಸ್ತ ಅವರನ್ನು ತೋರಿಸಿ, "ಇವ್ರು ಯಾರು?" ಎಂದು ನನ್ನನ್ನು ಕೇಳಿದ. ಬಾಯಿಗೆ ರೂಢಿಯಾದದ್ದು ಹೊರಬಿತ್ತು: "ನಮ್ಮ ಬೀಗರು."

ಗುಮಾಸ್ತನ ಪೆನ್ನು ನಿಂತಿತು. "ಹಾಗಾದ್ರೆ ಹುಡುಗಿ ನಿಮ್ಮ ಸೊಸೇನಾ? ಮದುವೆ ಆಗಿರೋ ವಿಷಯ ಅರ್ಜೀಲಿ ಬರೆದೇ ಇಲ್ಲ! ಗಂಡನ ಆದಾಯ ಎಲ್ಲಿ?"

"ಗಂಡನೇ ಇಲ್ಲ ಸಾರ್!" ಅಂದಳು ಚಿಲಕ.

"ಅಯ್ಯೋ ಪಾಪ" ಅಂದ ಗುಮಾಸ್ತ.

ಬೀಗರು ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ಮೇಜಿನ ಮೇಲೆ ಗಲ್ಲೆಂದು ಇಟ್ಟರು. "ಈ ಬೀಗ ಸ್ವಾಮಿ, ಈ ಬೀಗ! ನಾನು ಅವಳ ಅಪ್ಪ." ಚಿಲಕ ನಕ್ಕು ನಕ್ಕು ಬಿಕ್ಕಳಿಸಿದಳು. ಸದ್ದು ಕೇಳಿ ಒಳಗಿದ್ದ ಅಧಿಕಾರಿ ಮೇಡಂ ಬಾಗಿಲಿಗೆ ಬಂದು, ಅವರೂ ನಕ್ಕು, ನಮ್ಮನ್ನು ಒಳಗೆ ಕೂರಿಸಿದರು.

ಅವರು ಪೆನ್ನು ಕೊಡಲು ಹೋದರೆ ಬೀಗರು ಕೈ ಹಿಂದೆ ಕಟ್ಟಿಕೊಂಡರು. "ವೇತನ ಅಂತೀರಲ್ಲ ಮೇಡಂ. ಮೊದಲು ಕೆಲಸ ಏನು ಹೇಳಿ."

ಮೇಡಂ ಮುಖದ ನಗು ನಿಂತಿತು. ಇದು ತಮಾಷೆಯಲ್ಲ ಎಂದು ಅವರಿಗೆ ತಿಳಿದಿರಬೇಕು. ಕುರ್ಚಿ ಎಳೆದು ಬೀಗರ ಎದುರಿಗೇ ಕೂತರು.

"ಓದೋದು."

"ಅದು ಸರಿ. ಅದರ ಜೊತೆಗೆ?"

"ಜೊತೆಗೆ ಏನೂ ಇಲ್ಲ. ಓದೋದೇ ಕೆಲಸ. ಅದಕ್ಕೇ ವೇತನ."

"ಓದು ಬಿಟ್ಟು ಬೇರೆ ಕೆಲಸಕ್ಕೆ ಹೋದ್ರೆ?"

"ವೇತನ ನಿಲ್ಲಿಸ್ತೀವಿ."

ಬೀಗರು ಅದನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಸಂಬಳಕ್ಕಾಗಿ ಓದು ಬಿಟ್ಟವರಿಗೆ, ಓದು ಬಿಟ್ಟರೆ ಸಂಬಳ ನಿಲ್ಲುತ್ತದೆ ಎಂಬ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಪೆನ್ನು ತಗೊಂಡು, ಕೀಲಿಕೈಗೆ ಹಲ್ಲು ಕೊರೆಯುವಷ್ಟು ಜೋಪಾನವಾಗಿ ತಮ್ಮ ಹೆಸರು ಬರೆದರು. ಮಗಳ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ಇನ್ಮೇಲೆ ತಡವಾಗಿ ಏಳೋ ಹಾಗಿಲ್ಲ" ಅಂದರು. ಹೊರಬರುವಾಗ ಆ ಕಿರುಗುಟ್ಟುವ ಬಾಗಿಲಿಗೆ ಜೇಬಿನ ಪುಟ್ಟ ಶೀಸೆಯಿಂದ ಎರಡು ಹನಿ ಎಣ್ಣೆ ಬಿಟ್ಟೇ ಬಂದರು.

ಈಗ ಮನೆಯಲ್ಲಿ ಅವರ ಕಾಟ ಹೇಳತೀರದು. ಅಮ್ಮ ಪಾತ್ರೆ ತೊಳೆಯಲು ಕರೆದರೆ, "ಅವಳು ಡ್ಯೂಟಿ ಮೇಲಿದ್ದಾಳೆ" ಎಂದು ತಾವೇ ಎದ್ದು ಹೋಗುತ್ತಾರೆ. ಕ್ಲಾಸು ಬೇಗ ಬಿಟ್ಟು ಬಂದರೆ, "ಇಷ್ಟು ಬೇಗ ಯಾವ ಆಫೀಸು ಬಿಡತ್ತೆ?" ಎಂದು ಅನುಮಾನ. ಚಿಲಕ ರಜೆಯ ದಿನ ಗೂಡಂಗಡಿಗೆ ಬಂದು, ಅಪ್ಪನ ಕೈಯಲ್ಲಿ ಒಂದೊಂದೇ ಕಲ್ಲಿಟ್ಟು ಅದರ ಹುಟ್ಟಿನ ಕಥೆ ಹೇಳುತ್ತಾಳೆ. ಗಿರಾಕಿಗಳು ಕಾಯುತ್ತಾ ನಿಂತಿರುತ್ತಾರೆ.

ಮೊನ್ನೆ ಅವಳು ಹೋದ ಮೇಲೆ ಕಲ್ಲೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಬೀಗರು ಕೇಳಿದರು:

"ದೊಡ್ಡಮ್ಮ, ಆ ಓದೋ ಕೆಲಸ ನನ್ನ ವಯಸ್ಸಿನವ್ರಿಗೂ ಕೊಡ್ತಾರಾ?"

"ಮೊದಲು ಮಗಳ ಕೈಕೆಳಗೆ ಸೇರ್ಕೊಳ್ಳಿ ಬೀಗರೇ. ಸಂಬಳದ ಮಾತು ಆಮೇಲೆ" ಅಂದೆ.

"ಸೇರಿ ಆಗ್ಲೇ ವಾರ ಆಯ್ತು" ಎಂದು ಅರಗಳ ಡಬ್ಬದ ಕೆಳಗಿಂದ ಅವಳ ಹಳೆಯ ವಿಜ್ಞಾನದ ಪುಸ್ತಕ ಎಳೆದು ತೋರಿಸಿದರು.