ಬಾಯಿ ಮೇಲೆ ಬೆರಳು

ಒಂದನೇ ತರಗತಿಯ ಮಕ್ಕಳನ್ನು ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ. ಒಂದನ್ನು ಹಿಡಿದಿಡುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ಬೀದರಿನಿಂದ ಬಸ್ಸು ಹತ್ತಿ ಔರಾದ್ ಕಡೆಯ ಆ ಗಡಿಹಳ್ಳಿ ಮುಟ್ಟುವಷ್ಟರಲ್ಲೇ ನನ್ನ ಸಹನೆ ಅರ್ಧ ಮುಗಿದಿರುತ್ತಿತ್ತು. ಎಳೆಯರ ಗಮನ ಬಹಳ ಹೊತ್ತು ನಿಲ್ಲದು, ನಡುನಡುವೆ ಹಾಡಿಸಿ, ಕುಣಿಸಿ ಎಂದು ಭಾಲ್ಕಿಯ ತರಬೇತಿಯಲ್ಲಿ ಹೇಳಿದ್ದರು. ಹೇಳುವವರಿಗೇನು, ಇಲ್ಲಿಗೆ ಬಂದು ಒಂದು ದಿನ ಕಲಿಸಲಿ ಎಂದು ಗೊಣಗಿಕೊಂಡಿದ್ದೆ. ನನ್ನದು ಒಂದೇ ಮದ್ದು: ಬಾಯಿ ಮೇಲೆ ಬೆರಳು. ನಾನು ಹೇಳುವ ತನಕ ಯಾರೂ ತೆಗೆಯುವಂತಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಮರಾಠಿ, ನನ್ನ ಮುಂದೆ ಕನ್ನಡ, ಎರಡರಲ್ಲೂ ಬಾಯಿಗೆ ಬಿಡುವಿಲ್ಲ. ಅಕ್ಷರ ತೋರಿಸಿದರೆ ನನ್ನ ಬಳೆ ಎಣಿಸುತ್ತಾಳೆ, ಬಳೆಗೆ ಸೆರಗು ಮುಚ್ಚಿದರೆ ಪಕ್ಕದವಳ ಜಡೆ ಬಿಚ್ಚುತ್ತಾಳೆ. ಆ ದಿನ ನನಗೆ ಸಿಟ್ಟು ನೆತ್ತಿಗೇರಿತು.

"ಇನ್ನೊಮ್ಮಿ ಅಲಗಾಡಿದ್ರ ನೋಡು, ನಾಳಿಂದ ಸಾಲಿಗಿ ಬರಬ್ಯಾಡ" ಎಂದೆ.

ಶಾಲೆಯೆಂದರೆ ಪ್ರಾಣ ಬಿಡುವ ಮಗು ಅದು, ನನಗೆ ಗೊತ್ತಿತ್ತು. ಕಣ್ಣು ತುಂಬಿಕೊಂಡು ಬೆರಳಿಟ್ಟಳು.

ಬೋರ್ಡಿಗೆ ತಿರುಗಿ ಬರೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಹಿಂದೆ ಸದ್ದೇ ಇಲ್ಲ. ಕೆಮ್ಮಿಲ್ಲ, ಸೀನಿಲ್ಲ, ಪಾಟಿ ಸರಿಸಿದ ಸಪ್ಪಳವಿಲ್ಲ. ಮಕ್ಕಳಿರುವ ಕೋಣೆಯಲ್ಲಿ ಅಂಥ ಮೌನವನ್ನು ನಾನು ಕಂಡಿರಲಿಲ್ಲ. ಮೊದಲು ಬೀಗಿದೆ, ನಿಜ ಹೇಳುತ್ತೇನೆ. ಆಮೇಲೆ ಯಾಕೋ ಬರೆಯುವುದನ್ನು ನಿಲ್ಲಿಸಿದೆ.

ತಿರುಗಿದೆ. ಎಲ್ಲರ ಬೆರಳೂ ಬಾಯಿ ಮೇಲೆ. ಎಲ್ಲರ ಕಣ್ಣೂ ಆ ಹುಡುಗಿಯ ಮಡಿಲಿನ ಮೇಲೆ. ರೆಪ್ಪೆ ಬಡಿಯುವವರೂ ಇಲ್ಲ. ಗೋಡೆಯ ಬಿರುಕಿನಿಂದ ಬಂದ ನಾಗರಹಾವು ಅವಳ ಮಡಚಿದ ಕಾಲುಗಳ ಮೇಲೆ, ಯಾವ ಅವಸರವೂ ಇಲ್ಲದೆ, ಹರಿಯುತ್ತಿತ್ತು. ಅವಳೊಬ್ಬಳು ಮಾತ್ರ ಹಾವನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ನಿಂತಲ್ಲೇ ನಿಂತೆ.

ಹಾವು ಚಾಪೆ ದಾಟಿ, ಮೂಲೆಯಲ್ಲಿ ನೀರು ಹೋಗುವ ತೂತಿನೊಳಗೆ ಇಳಿಯಿತು. ಆಗ ಉಳಿದ ಮಕ್ಕಳು ಚೀರುತ್ತ ಹೊರಗೋಡಿದರು. ಊರವರು ಬಂದು, ಅವಳು ಎಂದಿನಂತೆ ಒದ್ದಾಡಿದ್ದರೆ ಹಾವು ಕಚ್ಚಿಬಿಡುತ್ತಿತ್ತು, ಟೀಚರ್ ಕಲಿಸಿದ ಶಿಸ್ತೇ ಮಗುವನ್ನು ಉಳಿಸಿತು ಎಂದು ನನಗೇ ಕೈಮುಗಿದರು. ತಲೆಯೆತ್ತಲು ನಾಚಿಕೆಯಾಯಿತು. ಹಾವು ಒಳಗೆ ಬಂದದ್ದನ್ನು ಅಷ್ಟೂ ಮಕ್ಕಳು ನೋಡಿದ್ದರು, ಒಬ್ಬರೂ ನನ್ನನ್ನು ಕರೆದಿರಲಿಲ್ಲ.

ಅವಳು ಅಲ್ಲೇ ಕುಳಿತಿದ್ದಳು. ಅವಳ ಕೈಯನ್ನು ಹಿಡಿದು ಬಾಯಿಂದ ಕೆಳಗಿಳಿಸಿದೆ. ಬೆರಳು ತಾನಾಗಿ ಮತ್ತೆ ತುಟಿಗೆ ಹೋಯಿತು. ಎರಡು ಸಲ ಹಾಗೇ ಆಯಿತು. ಏನಾದರೂ ಮಾತಾಡವ್ವ ಎಂದು ಅಳತೊಡಗಿದೆ. ಬೆರಳು ತೆಗೆಯದೆಯೇ ಕೇಳಿದಳು:

"ನಾ ಅಲಗಾಡಿಲ್ರಿ, ಟೀಚರ್. ನಾಳಿ ಬರ್ಲೇನ್ರಿ?"