ಎರಡು ಕಟ್ಟು ಬೀಡಿಯ ಹೊತ್ತು

೧೯೮೩ರಲ್ಲಿ ನಾನು ಪುತ್ತೂರಿನ ಒಬ್ಬ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಆಗಿದ್ದೆ. ಓದಿದ್ದು ಏಳನೆಯ ತರಗತಿ. ಮುಲಾಮು ಮಾಡುವುದನ್ನು ಡಾಕ್ಟರೇ ಕಲಿಸಿದ್ದರು: ಚಿಕ್ಕ ತಕ್ಕಡಿಯಲ್ಲಿ ಪುಡಿ ತೂಗಿ, ಗಾಜಿನ ಹಲಗೆಯ ಮೇಲೆ ವ್ಯಾಸಲೀನಿನೊಂದಿಗೆ ಅರೆದು, ಡಬ್ಬಿಗೆ ತುಂಬುವುದು. ಹನ್ನೊಂದು ವರ್ಷ ಅದನ್ನೇ ಮಾಡಿ ನನಗೆ ಸ್ವಲ್ಪ ಅಹಂಕಾರವೂ ಬಂದಿತ್ತು.

ಆ ವರ್ಷ ನನ್ನ ತಂಗಿ ಲೀಲಾಳ ತಲೆಯಲ್ಲಿ ನಾಲ್ಕು ಕಡೆ ಕೂದಲು ಉದುರಿ ರೂಪಾಯಿ ಅಗಲ ನುಣ್ಣಗಾಯಿತು. ಅಲೋಪೇಶಿಯಾ ಎಂದರು ಡಾಕ್ಟರು. ಕೆದಂಬಾಡಿಯ ನಮ್ಮ ಮನೆಗೆ ಬಂದವರಿಗೆಲ್ಲ ಒಂದೊಂದು ಮದ್ದು ಗೊತ್ತಿತ್ತು. ಒಬ್ಬರು ದಾಸವಾಳದ ಎಲೆ ಎಂದರೆ ಇನ್ನೊಬ್ಬರು ನೀರುಳ್ಳಿ ರಸ. ಅತ್ತೆ ಒಂದು ದಿನ, "ನೀನು ಚರ್ಮದ ಡಾಕ್ಟ್ರ ಹತ್ರ ಇರುದು ಎಂತಕ್ಕೆ, ಬಾಗಿಲು ತೆಗೀಲಿಕ್ಕಾ?" ಎಂದು ಕೇಳಿಯೇಬಿಟ್ಟಳು. ಲೀಲಾ ಮಾತ್ರ ತಲೆಗೆ ಸೆರಗು ಹೊದ್ದು ಬೀಡಿ ಕಟ್ಟುತ್ತಿದ್ದಳು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದಳು.

ಡಾಕ್ಟರು ಹೊಸದೊಂದನ್ನು ಪ್ರಯತ್ನಿಸುವ ಎಂದರು. ಡಿತ್ರನಾಲ್ ಎಂಬ ಹಳದಿ ಪುಡಿ. ಚರ್ಮವನ್ನು ತುಸು ಕೆರಳಿಸಿದರೆ ಕೂದಲಿನ ಬೇರು ಎಚ್ಚರಾಗಬಹುದು ಎಂಬ ಲೆಕ್ಕಾಚಾರ. ನೂರು ಗ್ರಾಂ ವ್ಯಾಸಲೀನಿಗೆ ಕಾಲು ಗ್ರಾಂ ಪುಡಿ. ಹಚ್ಚಿ ಅರ್ಧ ಗಂಟೆಗೆ ತೊಳೆಯಬೇಕು. ಕಣ್ಣಿಗೆ ತಾಗಬಾರದು. ಪ್ರಮಾಣ ಏರಿಸುವುದಾದರೆ ತಿಂಗಳಿಗೊಮ್ಮೆ ಡಾಕ್ಟರೇ ನೋಡಿ ಏರಿಸುವುದು.

ಮನೆಯ ಗಡಿಯಾರ ಕೆಟ್ಟು ನಿಂತಿತ್ತು. ಇಪ್ಪತ್ತೈದು ಬೀಡಿಯ ಎರಡು ಕಟ್ಟು ಮುಗಿದರೆ ಅರ್ಧ ಗಂಟೆ ಎಂದು ಲೀಲಾ ಲೆಕ್ಕ ಹಾಕಿದಳು. ಅಮ್ಮ ಮುಲಾಮು ಹಚ್ಚಿದ ಕೂಡಲೇ ಕಟ್ಟಲು ಕೂತು, ಎರಡನೆಯ ಕಟ್ಟಿಗೆ ನೂಲು ಸುತ್ತಿ ಎದ್ದು ತಲೆ ತೊಳೆಯುವಳು. ತೊಳೆದರೂ ಉಳಿದ ಹಳದಿ ಮದ್ದು ಬಣ್ಣ ತಿರುಗಿ ದಿಂಬಿನ ಬಟ್ಟೆಯೆಲ್ಲ ನೇರಳೆ ಕಲೆ. ಆದರೆ ತಿಂಗಳು ತುಂಬುವಾಗ ಒಂದು ಕಡೆ ಬಿಳಿ ನವಿರು ಕೂದಲು ಕಾಣಿಸಿತು.

ಅದನ್ನು ಕಂಡು ನನಗೆ ತಾಳ್ಮೆ ತಪ್ಪಿತು. ಸ್ವಲ್ಪ ಉರಿಗೆ ಇಷ್ಟು ಬಂದರೆ ಹೆಚ್ಚು ಉರಿಗೆ ಬೇಗ ಬರಬೇಕಲ್ಲ? ಡಾಕ್ಟರನ್ನು ಕೇಳದೆ ಎರಡನೆಯ ಡಬ್ಬಿಗೆ ಒಂದು ಗ್ರಾಂ ಹಾಕಿದೆ.

ಲೀಲಾ ಮುಚ್ಚಳ ತೆಗೆದು ನೋಡಿ, "ಅಣ್ಣಾ, ಈ ಡಬ್ಬಿ ಜಾಸ್ತಿ ಹಳದಿ ಉಂಟಲ್ಲ?" ಎಂದಳು.

"ನಿಂಗೆ ಬೀಡಿ ಎಲೆ ಗೊತ್ತು, ಮದ್ದು ನಂಗೆ ಗೊತ್ತು. ಸುಮ್ಮನೆ ಹಚ್ಚು."

ಮರುದಿನ ಉರಿಯುತ್ತದೆ ಎಂದಳು. ಅದಕ್ಕೂ ಗದರಿದೆ. ಐದನೆಯ ದಿನ ಮುಲಾಮು ಬೆವರಿನೊಂದಿಗೆ ಇಳಿದು ಹಣೆ, ರೆಪ್ಪೆ ಬಾತು ಕಣ್ಣು ಮುಚ್ಚಿಹೋಯಿತು. ತಲೆಯಲ್ಲಿ ಗುಳ್ಳೆಗಳೆದ್ದಿದ್ದವು. ಕ್ಲಿನಿಕ್ಕಿಗೆ ಕರೆತಂದೆ.

"ಎಂತಮ್ಮಾ, ಅರ್ಧ ಗಂಟೆ ಅಂದ್ರೆ ಇಡೀ ದಿನ ಅಂತ ಲೆಕ್ಕವಾ?" ಎಂದರು ಡಾಕ್ಟರು.

"ಇಲ್ಲ ಡಾಕ್ಟ್ರೇ, ಎರಡು ಕಟ್ಟು ಮುಗಿದ ಕೂಡಲೇ ತೊಳೀತೇನೆ."

ಡಾಕ್ಟರು ನನ್ನ ಮುಖ ನೋಡಿದರು. ನಿಜ ಹೇಳಲು ಅದೇ ಹೊತ್ತು. ನಾನು ಹೇಳಿದ್ದು, "ಬೀಡಿಯ ಲೆಕ್ಕ ಅಲ್ವಾ ಡಾಕ್ಟ್ರೇ, ಮರೆತು ಕೂತಿರಬೇಕು."

ಲೀಲಾ ಊದಿದ ಕಣ್ಣನ್ನು ತೆರೆಯಲು ಪ್ರಯತ್ನಿಸಿ, ಆಗದೆ ಕೈಬಿಟ್ಟಳು. ಡಾಕ್ಟರು ಕಣ್ಣಿಗೆ ಹನಿ, ತಲೆಗೆ ತಂಪು ಮುಲಾಮು ಬರೆದರು. ಹೇಳಿದ್ದನ್ನು ಪಾಲಿಸದವರಿಗೆ ಈ ಮದ್ದು ಅಪಾಯ ಎಂದು ಡಿತ್ರನಾಲ್ ನಿಲ್ಲಿಸಿದರು. ಕಣ್ಣು ಉಳಿಯಿತು. ಬಂದಿದ್ದ ನವಿರು ಕೂದಲು ಗುಳ್ಳೆಯ ಹೊಪ್ಪಳೆಯೊಂದಿಗೆ ಹೋಯಿತು.

ಒಂದು ಭಾನುವಾರ ಯಾರದೋ ಕೈಗಡಿಯಾರ ತಂದು ಅವಳು ಕಟ್ಟುವುದನ್ನು ನೋಡುತ್ತ ಕೂತೆ. ಎರಡು ಕಟ್ಟಿಗೆ ಇಪ್ಪತ್ತೊಂಬತ್ತು ನಿಮಿಷ. ಸೋಮವಾರ ಡಾಕ್ಟರಿಗೆ ಹೇಳಬೇಕೆಂದುಕೊಂಡೆ. ಸೋಮವಾರ ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.

ಮರುವರ್ಷ ಸುಳ್ಯದ ಒಬ್ಬ ಹೆಂಗಸಿಗೆ ಅದೇ ಕಾಲು ಗ್ರಾಮಿನ ಮುಲಾಮಿನಿಂದ ಶುರುಮಾಡಿ ಕೂದಲು ಬಂತು. "ಇವನ ಕೈಗುಣ" ಎಂದು ಡಾಕ್ಟರು ನನ್ನನ್ನು ತೋರಿಸಿದರು. ನಾನು ತಕ್ಕಡಿ ಒರೆಸುತ್ತಿದ್ದೆ.

ಡಾಕ್ಟರು ತೀರಿಕೊಂಡ ಮೇಲೆ, ನಾನು ಕೆಲಸ ಬಿಟ್ಟ ಮೇಲೆ, ಲೀಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳ ತಲೆಯ ಮೇಲೆ ಈಗಲೂ ಸೆರಗು.

"ನಾನು ಆವತ್ತೇ ಹೇಳಿದ್ದೇನಲ್ಲ," ಎಂದಳು, "ಜಾಸ್ತಿ ಹಳದಿ ಉಂಟೂಂತ."

ಮದ್ದು ಉರಿಯುತ್ತದೆ ಎಂದು ರೋಗಿ ಹೇಳಿದರೆ ಮೊದಲು ನಮ್ಮ ತಕ್ಕಡಿಯನ್ನು ನೋಡಬೇಕು, ಆಮೇಲೆ ಅವರ ಗಡಿಯಾರವನ್ನು. ಇದನ್ನು ಕಲಿತ ಮೇಲೆ ಎಷ್ಟೋ ಡಬ್ಬಿಗಳನ್ನು ಸರಿಯಾಗಿ ತುಂಬಿದ್ದೇನೆ. ಅವಳಿಗೆ ಬೇಕಾಗಿದ್ದ ಒಂದು ಡಬ್ಬಿ ಅದರಲ್ಲಿ ಇಲ್ಲ.